ಕಡ್ಡಿ ಅಲುಗುತ್ತಿಲ್ಲವೇ? ಕಾಂತಬಲದ ಪ್ರಯೋಗ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಒಂದು ಚಟುವಟಿಕೆ ಇದೆ. 5 ಸೆಂಟಿಮೀಟರ್ ಉದ್ದದ ಅಲ್ಯುಮಿನಿಯಂ ಕಡ್ಡಿಯನ್ನು ಎರಡು ತಂತಿಗಳಿಂದ ಅಡ್ಡಕ್ಕೆ ನೇತುಹಾಕಬೇಕು. ಲಾಳದ ಆಕಾರದ ಮ್ಯಾಗ್ನೆಟ್ಟಿನ ಒಂದು ಧ್ರುವ ಕಡ್ಡಿಯ ಮೇಲೆ, ಇನ್ನೊಂದು ಕೆಳಗೆ ಬರಬೇಕು. ಬ್ಯಾಟರಿ, ಕೀ (ಸ್ವಿಚ್ಚು), ರಿಯೋಸ್ಟ್ಯಾಟ್ (ಕರೆಂಟನ್ನು ಹೆಚ್ಚುಕಡಿಮೆ ಮಾಡುವ ಸಾಧನ) ಸೇರಿಸಿ ಕರೆಂಟ್ ಬಿಟ್ಟರೆ ಕಡ್ಡಿ ಪಕ್ಕಕ್ಕೆ ಸರಿಯುತ್ತದೆ. ಕರೆಂಟನ್ನು ತಿರುಗಿಸಿದರೆ ಆಚೆ ಪಕ್ಕಕ್ಕೆ ಸರಿಯುತ್ತದೆ.

ಪುಸ್ತಕದಲ್ಲಿ ಸರಿಯುತ್ತದೆ. ಮೇಜಿನ ಮೇಲೆ ಬಹಳ ಸಲ ಸರಿಯುವುದಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು. ಈಗ ಅಕ್ಕಪಕ್ಕದ ಶಾಲೆಗಳು ಕರೆದರೆ ಹೋಗಿ ಪ್ರಯೋಗದ ಸಾಮಾನು ಸರಿಮಾಡಿಕೊಡುತ್ತೇನೆ. ಒಂದು ಕಡೆ ಹೀಗೇ ಕಡ್ಡಿ ಕದಲಲಿಲ್ಲ. ಪಾಠ ಮಾಡುತ್ತಿದ್ದ ಮೇಷ್ಟ್ರು, "ಬಲ ಇದೆ ಮಕ್ಕಳೇ, ಕಾಣ್ತಾ ಇಲ್ಲ ಅಷ್ಟೆ" ಎಂದು ಮುಂದೆ ಹೋದರು. ಹಿಂದಿನ ಬೆಂಚಿನ ಹುಡುಗ, "ದೇವರ ಥರಾನಾ ಸರ್?" ಎಂದ. ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಆದರೆ ಅವರು ಹೇಳಿದ್ದು ಸುಳ್ಳಲ್ಲ. ಬಲ ನಿಜವಾಗಿಯೂ ಇತ್ತು. ಎಷ್ಟಿತ್ತು ಅನ್ನುವುದನ್ನು ಮಾತ್ರ ಯಾರೂ ಲೆಕ್ಕ ಹಾಕಿರಲಿಲ್ಲ.

ಮೊದಲು ಅಕ್ಕಿಕಾಳಿನ ಲೆಕ್ಕ

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಪೆನ್ಸಿಲ್ ಹಿಡಿಯಿರಿ. ತಂತಿಯ ಮೇಲಿನ ಬಲ ಎಂದರೆ ಕಾಂತಕ್ಷೇತ್ರ, ಕರೆಂಟ್, ಕ್ಷೇತ್ರದೊಳಗಿರುವ ತಂತಿಯ ಉದ್ದ ಈ ಮೂರರ ಗುಣಾಕಾರ. ತಂತಿ ಕ್ಷೇತ್ರಕ್ಕೆ ನೇರ ಅಡ್ಡವಾಗಿದ್ದರೆ ಇಷ್ಟೇ ಲೆಕ್ಕ.

ಇಲ್ಲಿ 'ಕ್ಷೇತ್ರದೊಳಗಿರುವ' ಎಂಬ ಮಾತನ್ನು ಮರೆಯಬೇಡಿ. ಕಡ್ಡಿ 5 ಸೆಂಟಿಮೀಟರ್ ಇದ್ದರೂ ಮ್ಯಾಗ್ನೆಟ್ಟಿನ ಧ್ರುವದ ಅಗಲ 2 ಸೆಂಟಿಮೀಟರ್ ಇದ್ದರೆ, ಕೆಲಸ ಮಾಡುವುದು ಸುಮಾರು 2 ಸೆಂಟಿಮೀಟರ್ ಮಾತ್ರ. ಉಳಿದ 3 ಸೆಂಟಿಮೀಟರ್ ಬರೀ ಭಾರ.

ಹಳೆಯ ಲಾಳದ ಮ್ಯಾಗ್ನೆಟ್ಟಿನ ಧ್ರುವಗಳ ನಡುವೆ 0.03 ಟೆಸ್ಲಾ ಇದೆ ಎಂದಿಟ್ಟುಕೊಳ್ಳಿ. ಟೆಸ್ಲಾ ಎಂದರೆ ಕಾಂತಕ್ಷೇತ್ರದ ಅಳತೆ. ಕರೆಂಟ್ 1 ಆಂಪಿಯರ್. ಉದ್ದ 0.02 ಮೀಟರ್. ಗುಣಿಸಿದರೆ 0.0006 ನ್ಯೂಟನ್. ತೂಕದ ಮಾತಲ್ಲಿ ಹೇಳಿದರೆ ಸುಮಾರು 60 ಮಿಲಿಗ್ರಾಂ. ಒಂದು ಅಕ್ಕಿಕಾಳು ಹೆಚ್ಚುಕಡಿಮೆ 20 ಮಿಲಿಗ್ರಾಂ ತೂಗುತ್ತದೆ. ಅಂದರೆ ನಿಮ್ಮ ಪ್ರಯೋಗದ ಇಡೀ ಬಲ ಮೂರು ಅಕ್ಕಿಕಾಳಿನ ತೂಕ!

ಇದು ಸಾಲದೇ? ಸಾಕು, ಕಡ್ಡಿ ಹಗುರ ಇದ್ದರೆ. ಕಂಬದಿಂದ ಮನೆಗೆ ಎಳೆಯುವ ಅಲ್ಯುಮಿನಿಯಂ ಸರ್ವಿಸ್ ವೈರಿನ ತುಂಡು ಎಲೆಕ್ಟ್ರಿಷಿಯನ್ ಹತ್ತಿರ ಸುಮ್ನೆ ಸಿಗುತ್ತದೆ. 4 ಚದರ ಮಿಲಿಮೀಟರಿನ ಒಂದೇ ಎಳೆಯ ತಂತಿ, ಮೇಲಿನ ಪ್ಲಾಸ್ಟಿಕ್ ಸುಲಿದು 5 ಸೆಂಟಿಮೀಟರ್ ಕತ್ತರಿಸಿದರೆ ಅರ್ಧ ಗ್ರಾಮಿಗಿಂತ ಚೂರು ಜಾಸ್ತಿ. ಅದನ್ನು 20 ಸೆಂಟಿಮೀಟರ್ ಉದ್ದಕ್ಕೆ ನೇತುಹಾಕಿದರೆ, ಮೂರು ಅಕ್ಕಿಕಾಳಿನ ಬಲಕ್ಕೆ ಸುಮಾರು 2 ಸೆಂಟಿಮೀಟರ್ ಸರಿಯಬೇಕು. ಕೊನೆಯ ಬೆಂಚಿಗೂ ಕಾಣುತ್ತದೆ.

ಈಗ ರಿಯೋಸ್ಟ್ಯಾಟ್ ಸೇರಿಸಿ. ಎರಡು ಸೆಲ್, 3 ವೋಲ್ಟ್. ರಿಯೋಸ್ಟ್ಯಾಟಿನ ಜಾರುಗುಂಡಿ ಎಲ್ಲೋ 20 ಓಮ್ ಮೇಲೆ ನಿಂತಿದೆ. ಕರೆಂಟ್ 0.15 ಆಂಪಿಯರಿಗೆ ಇಳಿಯಿತು. ಬಲ 9 ಮಿಲಿಗ್ರಾಂ, ಅರ್ಧ ಅಕ್ಕಿಕಾಳು. ಕಡ್ಡಿ 3 ಮಿಲಿಮೀಟರ್ ಸರಿದರೆ ಹೆಚ್ಚು. ಫ್ಯಾನಿನ ಗಾಳಿಗೆ ಅದಕ್ಕಿಂತ ಜಾಸ್ತಿ ಅಲ್ಲಾಡುತ್ತದೆ. ಅಂದ ಹಾಗೆ ಫ್ಯಾನ್ ಆರಿಸಿದಿರಿ ತಾನೇ?

ದೋಷವನ್ನು ಎರಡು ಭಾಗ ಮಾಡುವ ಬಲ್ಬು

ಜನ ಮಾಡುವ ದೊಡ್ಡ ತಪ್ಪೆಂದರೆ ಎಲ್ಲವನ್ನೂ ಒಟ್ಟಿಗೆ ಅನುಮಾನಿಸುವುದು. ಸೆಲ್ ಬದಲಾಯಿಸುತ್ತಾರೆ, ಮ್ಯಾಗ್ನೆಟ್ ತಿರುಗಿಸುತ್ತಾರೆ, ಕಡ್ಡಿ ಉಜ್ಜುತ್ತಾರೆ, ಎಲ್ಲ ಐದು ನಿಮಿಷದಲ್ಲಿ. ಕೊನೆಗೆ ಅಲುಗಿದರೂ ಯಾವುದರಿಂದ ಅಲುಗಿತು ಎಂದು ಗೊತ್ತಾಗುವುದಿಲ್ಲ. ಮಾರನೇ ವರ್ಷ ಮತ್ತೆ ಅದೇ ಪಾಡು.

ನಾನು ಮಾಡುವುದು ಹೀಗೆ. ಹಳೇ ಯುಪಿಎಸ್ಸಿನ 12 ವೋಲ್ಟ್ ಬ್ಯಾಟರಿ ತೆಗೆದುಕೊಳ್ಳುತ್ತೇನೆ. ಅದರ ಜೊತೆ ಸರಣಿಯಲ್ಲಿ ಕಾರಿನ ಹಳೆಯ ಹೆಡ್‌ಲೈಟ್ ಬಲ್ಬು. ಎಲ್‌ಇಡಿ ಅಲ್ಲ, ಒಳಗೆ ಫಿಲಮೆಂಟ್ ಇರುವ 55 ವ್ಯಾಟಿನದು. ಮೂರು ಪಿನ್ ಇದ್ದರೆ ಯಾವ ಎರಡಕ್ಕೆ ಕೊಟ್ಟಾಗ ಜೋರಾಗಿ ಬೆಳಗುತ್ತದೋ ಆ ಎರಡನ್ನು ಹಿಡಿಯಿರಿ. ಆಮೇಲೆ ಕಡ್ಡಿ. ಆಮೇಲೆ ವಾಪಸ್ ಬ್ಯಾಟರಿಗೆ. ರಿಯೋಸ್ಟ್ಯಾಟ್ ಬೇಡ.

ಬಲ್ಬು ಪೂರ್ತಿ ಬೆಳಗಿದರೆ ಸುಮಾರು ನಾಲ್ಕೂವರೆ ಆಂಪಿಯರ್ ಹರಿಯುತ್ತಿದೆ ಎಂದರ್ಥ. ಅದೇ ಕರೆಂಟ್ ಕಡ್ಡಿಯಲ್ಲೂ ಹರಿಯುತ್ತಿದೆ, ಬೇರೆ ದಾರಿಯೇ ಇಲ್ಲ. ಬಲ್ಬು ಇಲ್ಲಿ ರಿಯೋಸ್ಟ್ಯಾಟೂ ಹೌದು, ಆಮ್ಮೀಟರೂ ಹೌದು, ಕಾವಲುಗಾರನೂ ಹೌದು. ಕಡ್ಡಿಯ ಎರಡು ತುದಿ ಅಪ್ಪಿತಪ್ಪಿ ತಾಗಿಕೊಂಡರೂ ಬಲ್ಬು ಬೆಳಗುತ್ತದೆ ಅಷ್ಟೆ. ಬಲ್ಬಿಲ್ಲದೆ ಆ ಬ್ಯಾಟರಿಯನ್ನು ನೇರ ಕಡ್ಡಿಗೆ ಕೊಡಬೇಡಿ. ನೂರಾರು ಆಂಪಿಯರ್ ನುಗ್ಗುತ್ತದೆ, ತಂತಿ ಕೆಂಪಗಾಗುತ್ತದೆ. ಬಲ್ಬನ್ನೂ ಮುಟ್ಟಬೇಡಿ, ಕೈ ಸುಡುತ್ತದೆ.

ಈಗ ದೋಷ ಎರಡು ಹೋಳಾಯಿತು. ಬಲ್ಬು ಬೆಳಗದಿದ್ದರೆ ಮ್ಯಾಗ್ನೆಟ್ಟಿನ ಕಡೆ ತಲೆ ಹಾಕಬೇಡಿ. ಬಲ್ಬು ಝಗ್ಗೆಂದು ಬೆಳಗಿಯೂ ಕಡ್ಡಿ ಸುಮ್ಮನಿದ್ದರೆ ಬ್ಯಾಟರಿ, ಕೀ, ಕ್ಲಿಪ್ ಯಾವುದನ್ನೂ ಮುಟ್ಟಬೇಡಿ.

ಬಲ್ಬು ಮಂಕಾಗಿದ್ದರೆ

ನಾನು ನೋಡಿದ ಹೆಚ್ಚಿನ ಕೇಸುಗಳು ಇಲ್ಲೇ ಮುಗಿದಿವೆ. ಕಾರಣ ಜೋಡಣೆ.

ಅಲ್ಯುಮಿನಿಯಂ ಮೇಲೆ ಗಾಳಿ ತಾಗಿದ ಕೂಡಲೇ ಆಕ್ಸೈಡ್ ಪೊರೆ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ, ಕಣ್ಣಿಗೆ ಕಾಣುವುದಿಲ್ಲ, ಕರೆಂಟ್ ಬಿಡುವುದಿಲ್ಲ. ಮಾಮೂಲಿ ಬೆಸುಗೆಯೂ ಅದರ ಮೇಲೆ ಹಿಡಿಯುವುದಿಲ್ಲ. ಹಾಗಾಗಿ ಎಲ್ಲರೂ ತಂತಿಯನ್ನು ಕಡ್ಡಿಗೆ ಎರಡು ಸುತ್ತು ಸುತ್ತಿ ಬಿಡುತ್ತಾರೆ. ನೋಡಲು ಗಟ್ಟಿ. ಒಳಗೆ ಒಂದೆರಡು ಬಿಂದುವಿನಲ್ಲಿ ತಾಗಿದರೆ ಪುಣ್ಯ. ತುದಿಗಳನ್ನು ಸ್ಯಾಂಡ್ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ. ಉಜ್ಜಿದ ತಕ್ಷಣ ಬಿಗಿಯಾಗಿ ಸುತ್ತಿ. ನಾಳೆ ಸುತ್ತೋಣ ಅಂದರೆ ಇವತ್ತು ಉಜ್ಜಿದ್ದು ದಂಡ. ತಾಮ್ರದ ವೈಂಡಿಂಗ್ ತಂತಿ ಬಳಸಿದ್ದರೆ ಅದರ ಮೇಲೆ ಎನಾಮಲ್ ಇರುತ್ತದೆ. ತಾಮ್ರದ ಬಣ್ಣವೇ ಕಾಣುವುದರಿಂದ ಮೋಸ ಹೋಗುತ್ತೇವೆ. ತುದಿ ಕೆರೆಯಿರಿ.

"ಸರ್, ಬೀಪ್ ಬರುತ್ತಲ್ಲ" ಎಂದು ಮಲ್ಟಿಮೀಟರ್ ತೋರಿಸುವವರಿದ್ದಾರೆ. ಬೀಪಿಗೆ ಮರುಳಾಗಬೇಡಿ. ಆ ಸೆಟ್ಟಿಂಗಿನಲ್ಲಿ ಮೀಟರ್ ಬಿಡುವ ಕರೆಂಟ್ ಮಿಲಿಆಂಪಿಯರ್ ಲೆಕ್ಕದ್ದು. ಜಾಯಿಂಟಿನಲ್ಲಿ 10 ಓಮ್ ಇದ್ದರೂ ಎಷ್ಟೋ ಮೀಟರ್ ಖುಷಿಯಿಂದ ಕೂಗುತ್ತವೆ. ನಮಗೆ ಬೇಕಿರುವುದು ಆಂಪಿಯರ್. 10 ಓಮ್ ಇದ್ದರೆ ಪ್ರಯೋಗ ಸತ್ತಂತೆ.

ಸರಿಯಾದ ದಾರಿ ಇದು. ಕರೆಂಟ್ ಹರಿಯುತ್ತಿರುವಾಗಲೇ ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದೊಂದೇ ಜಾಯಿಂಟಿನ ಆಚೆ ಈಚೆ ಮೀಟರಿನ ತಂತಿಗಳ ತುದಿಯ ಮುಳ್ಳು ಹಿಡಿಯಿರಿ. ಕ್ಲಿಪ್ಪಿನ ಲೋಹಕ್ಕೊಂದು, ಕಡ್ಡಿಗೊಂದು. ಒಳ್ಳೆಯ ಜಾಯಿಂಟ್ ಆದರೆ ಒಂದು ವೋಲ್ಟಿನ ನೂರನೇ ಭಾಗದ ಆಸುಪಾಸು ತೋರಿಸುತ್ತದೆ. ಎಲ್ಲಿ ಅರ್ಧ ವೋಲ್ಟ್, ಒಂದು ವೋಲ್ಟ್ ಕಂಡಿತೋ ಅಲ್ಲೇ ಕಳ್ಳ ಕೂತಿದ್ದಾನೆ. ಕೀಯ ಹಿತ್ತಾಳೆ ಕಟ್ಟೆಗಳನ್ನೂ ಬಿಡಬೇಡಿ. ನಮ್ಮ ಮಲೆನಾಡಿನ ಮಳೆಗಾಲ ಕಳೆದ ಮೇಲೆ ಅವು ಹಸಿರು ಹಿಡಿದಿರುತ್ತವೆ.

ಯುಪಿಎಸ್ ಬ್ಯಾಟರಿ ಇಲ್ಲ, ಸೆಲ್ಲಿನಲ್ಲೇ ಮಾಡಬೇಕು ಅಂದರೆ ಒಂದು ಮಾತು. ಬರೀ ಸೆಲ್ಲಿನ ವೋಲ್ಟೇಜ್ ಅಳೆದು ಒಂದೂವರೆ ಇದೆ, ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಗಡಿಯಾರದ ಸೆಲ್ಲೂ ಒಂದೂವರೆ ತೋರಿಸುತ್ತದೆ. ಕರೆಂಟ್ ಎಳೆದಾಗ ಎಷ್ಟಕ್ಕೆ ಕುಸಿಯುತ್ತದೆ ಎಂಬುದು ಮುಖ್ಯ. ಕೀ ಒತ್ತಿಹಿಡಿದು ಅಳೆಯಿರಿ. ಚಿಕ್ಕ ಸೆಲ್ಲಿಗಿಂತ ದಪ್ಪ ಟಾರ್ಚ್ ಸೆಲ್ ವಾಸಿ. ಕೀಯನ್ನು ಎರಡು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ.

ಮಲ್ಟಿಮೀಟರಿನಲ್ಲಿ ಆಂಪಿಯರ್ ಅಳೆಯುವವರು ಕೆಂಪು ಮುಳ್ಳನ್ನು 10 ಆಂಪಿಯರಿನ ತೂತಿಗೆ ಹಾಕಿದ್ದೀರಾ ನೋಡಿಕೊಳ್ಳಿ. ಮಿಲಿಆಂಪಿಯರ್ ತೂತಿಗೆ ಹಾಕಿದರೆ ಒಳಗಿನ ಫ್ಯೂಸ್ ಸುಡುತ್ತದೆ. ಹಿಂದಿನ ವರ್ಷ ಯಾರೋ ಸುಟ್ಟಿಟ್ಟಿರುತ್ತಾರೆ, ಹೇಳಿರುವುದಿಲ್ಲ. ಆಗ ಮೀಟರೇ ಸರ್ಕ್ಯೂಟನ್ನು ತುಂಡು ಮಾಡಿ ಸೊನ್ನೆ ತೋರಿಸುತ್ತಾ ಕೂತಿರುತ್ತದೆ.

ಬಲ್ಬು ಬೆಳಗಿದೆ, ಕಡ್ಡಿ ಮಾತ್ರ ಜಪ್ಪಯ್ಯ ಅನ್ನುತ್ತಿಲ್ಲ

ಕರೆಂಟ್ ಆಫ್ ಮಾಡಿ. ಕಡ್ಡಿಗೆ ಮೆಲ್ಲಗೆ ಉಫ್ ಎಂದು ಊದಿ. ತೊಟ್ಟಿಲಿನ ಹಾಗೆ ಐದಾರು ಸಲ ಓಲಾಡಿ ನಿಂತರೆ ನೇತುಹಾಕಿದ್ದು ಸರಿ ಇದೆ. ಒಂದೇ ಸಲ ಅಲುಗಿ ನಿಂತುಬಿಟ್ಟರೆ ನೇತುತಂತಿ ಬಿರುಸಾಗಿದೆ. ಪಿವಿಸಿ ಹೊದಿಕೆಯ ಮಾಮೂಲಿ ವೈರಿನಲ್ಲಿ ಕಟ್ಟಿದರೆ ಹೀಗೇ ಆಗುವುದು. ಮೂರು ಅಕ್ಕಿಕಾಳು ಆ ವೈರನ್ನು ಬಗ್ಗಿಸಲಾರವು. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲಿನಿಂದ ಒಂದು ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಕತ್ತರಿಸಿ, ಅದರಲ್ಲೇ ಕಡ್ಡಿ ತೂಗಿಹಾಕಿ. ನಾಲ್ಕೂವರೆ ಆಂಪಿಯರ್ ತಡೆಯುತ್ತದೆ, ಚೂರು ಬೆಚ್ಚಗಾಗುತ್ತದೆ ಅಷ್ಟೆ. ಫಾಯಿಲ್ ಸಿಗದಿದ್ದರೆ ವೈರಿನ ಹೊದಿಕೆ ಸುಲಿದು ಒಳಗಿನ ಸಣ್ಣ ಎಳೆಗಳಲ್ಲಿ ಎರಡು ಮೂರನ್ನು ಬಳಸಿ.

ಊದಿದರೆ ಓಲಾಡುತ್ತದೆ, ಬಲ್ಬೂ ಬೆಳಗುತ್ತದೆ, ಆದರೂ ಇಲ್ಲ? ಹಾಗಾದರೆ ಮ್ಯಾಗ್ನೆಟ್ ಕಡೆ ಬನ್ನಿ. ಇಲ್ಲಿ ನಾನೇ ಅರ್ಧ ದಿನ ಒದ್ದಾಡಿದ ಕಥೆ ಒಂದಿದೆ.

ಆ ಶಾಲೆಯಲ್ಲಿ ಎಲ್ಲ ಸರಿ ಇತ್ತು. ಒಳ್ಳೆಯ ಬ್ಯಾಟರಿ, ಹಗುರ ಕಡ್ಡಿ, ಫಾಯಿಲ್ ಪಟ್ಟಿ. ಮ್ಯಾಗ್ನೆಟ್ ಮೊಳೆಗಳನ್ನು ಗೊಂಚಲಾಗಿ ಎತ್ತುತ್ತಿತ್ತು. ಕಡ್ಡಿ ಮಾತ್ರ ತಟಸ್ಥ. ಮ್ಯಾಗ್ನೆಟ್ಟನ್ನು ಮರದ ಹಲಗೆ ಮೇಲೆ ಮಲಗಿಸಿ ಇಟ್ಟಿದ್ದರು. ಒಂದು ಧ್ರುವ ಕಡ್ಡಿಯ ಈ ಪಕ್ಕ, ಇನ್ನೊಂದು ಆ ಪಕ್ಕ. ನನಗೂ ಅದು ಎಷ್ಟು ಸಹಜವಾಗಿ ಕಂಡಿತೆಂದರೆ ಅನುಮಾನವೇ ಬರಲಿಲ್ಲ. ಊಟ ಮಾಡಿ ಕೈ ತೊಳೆಯುವಾಗ ಎಡಗೈ ನೋಡಿಕೊಂಡೆ, ಆಗ ಹೊಳೆಯಿತು.

ಫ್ಲೆಮಿಂಗನ ಎಡಗೈ ನಿಯಮ ಗೊತ್ತಲ್ಲ. ತೋರುಬೆರಳು ಕ್ಷೇತ್ರ, ನಡುಬೆರಳು ಕರೆಂಟ್, ಹೆಬ್ಬೆರಳು ಬಲ. ಮೂರೂ ಒಂದಕ್ಕೊಂದು ಅಡ್ಡ. ಮ್ಯಾಗ್ನೆಟ್ ಮಲಗಿದ್ದರೆ ಕ್ಷೇತ್ರ ನೆಲಕ್ಕೆ ಸಮನಾಗಿ ಹೋಗುತ್ತದೆ. ಕರೆಂಟೂ ನೆಲಕ್ಕೆ ಸಮ. ಆಗ ಹೆಬ್ಬೆರಳು ಮೇಲಕ್ಕೋ ಕೆಳಕ್ಕೋ ತೋರಿಸುತ್ತದೆ. ಕಡ್ಡಿಯನ್ನು ಮ್ಯಾಗ್ನೆಟ್ ಪಕ್ಕಕ್ಕೆ ತಳ್ಳುತ್ತಲೇ ಇರಲಿಲ್ಲ, ಮೇಲಕ್ಕೆ ಎತ್ತುತ್ತಿತ್ತು. ಅರ್ಧ ಗ್ರಾಮಿನ ಕಡ್ಡಿಯನ್ನು ಹತ್ತು ಹದಿಮೂರು ಅಕ್ಕಿಕಾಳಿನ ಬಲ ಎತ್ತಲಾರದು. ಎಡಗಡೆಗೋ ಬಲಗಡೆಗೋ ಆದರೆ ಅದೇ ಬಲಕ್ಕೆ ಎಗರಿ ಬೀಳುತ್ತಿತ್ತು. ಮ್ಯಾಗ್ನೆಟ್ಟನ್ನು ಎಬ್ಬಿಸಿ, ಒಂದು ಧ್ರುವ ಮೇಲೆ ಒಂದು ಕೆಳಗೆ ಮಾಡಿದೆ. ಕೀ ಒತ್ತಿದ ಹುಡುಗಿ ಕಿರುಚಿಕೊಂಡಳು, ಅಷ್ಟು ದೂರ ಹಾರಿತು.

ಇನ್ನೊಂದು ತಪ್ಪು, ಕಡ್ಡಿಯನ್ನು ಒಂದು ಧ್ರುವದಿಂದ ಇನ್ನೊಂದರ ಕಡೆಗೆ ಉದ್ದಕ್ಕೆ ಮಾಡಿ ಇಡುವುದು. ಆಗ ಕರೆಂಟ್ ಕ್ಷೇತ್ರದ ದಾರಿಯಲ್ಲೇ ಹೋಗುತ್ತದೆ, ಬಲ ಸೊನ್ನೆ.

ಮ್ಯಾಗ್ನೆಟ್ಟೇ ಸೋತಿರಬಹುದು. ಹಳೆಯ ಉಕ್ಕಿನ ಲಾಳದ ಮ್ಯಾಗ್ನೆಟ್ಟಿನ ಎರಡು ಧ್ರುವಕ್ಕೆ ಅಡ್ಡಲಾಗಿ ಕೀಪರ್ ಎನ್ನುವ ಕಬ್ಬಿಣದ ಪಟ್ಟಿ ಇಡಬೇಕು. ಅದು ಕಳೆದುಹೋಗಿ ಎಷ್ಟೋ ವರ್ಷ ಆಗಿರುತ್ತದೆ. ಬೀಳಿಸಿದ್ದರೂ ಶಕ್ತಿ ಕುಂದುತ್ತದೆ. ಎರಡು ಮೊಳೆಯನ್ನೂ ಹಿಡಿಯದ ಮ್ಯಾಗ್ನೆಟ್ಟಿಗೆ ಉಪಚಾರ ಮಾಡಬೇಡಿ. ಎರಡು ನಿಯೋಡಿಮಿಯಂ ಬಿಲ್ಲೆ ತನ್ನಿ. 20 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ್ದು ಸಾಕು. 2 ಸೆಂಟಿಮೀಟರ್ ಅಂತರದಲ್ಲಿ ಎದುರುಬದುರು ಇಟ್ಟರೆ ನಡುವೆ ಸುಮಾರು 0.15 ಟೆಸ್ಲಾ ಲೆಕ್ಕಕ್ಕೆ ಬರುತ್ತದೆ. ಹಳೆಯದರ ಐದು ಪಟ್ಟು. ಆದರೆ ಅವು ಪರಸ್ಪರ ಸೆಳೆಯುವಂತೆ ಇರಬೇಕು. ತಳ್ಳಾಡುವಂತೆ ಇಟ್ಟರೆ ನಟ್ಟನಡುವೆ ಕ್ಷೇತ್ರ ರದ್ದಾಗುತ್ತದೆ, ಕಡ್ಡಿ ಸರಿಯಾಗಿ ಅಲ್ಲೇ ಇರುತ್ತದೆ. ಬೆರಳು ನಡುವೆ ಸಿಕ್ಕಿದರೆ ರಕ್ತ ಬರುತ್ತದೆ. ಚಿಕ್ಕ ಮಕ್ಕಳ ಕೈಗಂತೂ ಕೊಡಲೇಬೇಡಿ. ಎರಡು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ಅಂಟಿಕೊಳ್ಳುತ್ತವೆ, ಪ್ರಾಣಕ್ಕೆ ಕುತ್ತು.

ಅಲುಗುತ್ತದೆ, ಆದರೆ ತಪ್ಪಾಗಿ

ಇದು ಅಲುಗದಿರುವುದಕ್ಕಿಂತ ಕೆಟ್ಟದ್ದು. ಏಕೆಂದರೆ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗಿಬಿಡುತ್ತಾರೆ.

ಅಲುಗಿದ ಮೇಲೆ ತಿರುಗುಮುರುಗು ಪರೀಕ್ಷೆ ಮಾಡಲೇಬೇಕು. ಬ್ಯಾಟರಿಯ ತಂತಿ ಅದಲುಬದಲು ಮಾಡಿ. ಕಡ್ಡಿ ಆಚೆ ಕಡೆಗೆ ಹೋಗಬೇಕು. ಮ್ಯಾಗ್ನೆಟ್ಟನ್ನೂ ತಲೆಕೆಳಗು ಮಾಡಿ. ಈಗ ಮೊದಲಿನ ಕಡೆಗೇ ಬರಬೇಕು. ಕರೆಂಟ್ ತಿರುಗಿಸಿದರೂ ಒಂದೇ ಕಡೆಗೆ ಹೋಗುತ್ತಿದ್ದರೆ ಅದು ನಾವು ಹುಡುಕುತ್ತಿರುವ ಬಲವೇ ಅಲ್ಲ. ಒಬ್ಬರು ಸೈಕಲ್ ಚಕ್ರದ ಕಡ್ಡಿ ನೇತುಹಾಕಿದ್ದರು. ಅದು ಕಬ್ಬಿಣ, ಮ್ಯಾಗ್ನೆಟ್ಟಿಗೆ ಹೋಗಿ ಅಂಟಿಕೊಂಡಿತು. ಕರೆಂಟ್ ಇಲ್ಲದೆಯೂ ಅಂಟಿತು. ಕ್ಲಿಪ್ಪುಗಳೂ ಸಾಮಾನ್ಯವಾಗಿ ಕಬ್ಬಿಣದವೇ. ಮ್ಯಾಗ್ನೆಟ್ಟಿನ ಹತ್ತಿರ ತಂದರೆ ಕಡ್ಡಿಯನ್ನೂ ಎಳೆದುಕೊಂಡು ಓಡುತ್ತವೆ. ಅವನ್ನು ಮೇಲೆ, ಸ್ಟ್ಯಾಂಡಿನ ತುದಿಯಲ್ಲಿ ಹಾಕಿ.

ಕರೆಂಟ್ ತಿರುಗಿಸಿದಾಗ ಸರಿಯಾಗಿ ತಿರುಗುತ್ತದೆ, ಆದರೆ ಎಡಗೈ ಹೇಳಿದ್ದಕ್ಕೆ ಉಲ್ಟಾ ಹೋಗುತ್ತದೆ ಅಂದರೆ ಮೂರರಲ್ಲಿ ಒಂದು ತಪ್ಪಿದೆ. ಗಡಿಬಿಡಿಯಲ್ಲಿ ಬಲಗೈ ಹಿಡಿದಿರುತ್ತೀರಿ. ಪೆನ್ನು ಬಲಗೈಲಿ ಇದ್ದವರು ಎಡಗೈ ಹಿಡಿಯುತ್ತಾರೆ, ಪೆನ್ನು ಕೆಳಗಿಟ್ಟವರು ಬಲಗೈ ಹಿಡಿಯುತ್ತಾರೆ, ಇದು ನಾನು ಕಂಡ ಸತ್ಯ. ಇಲ್ಲವೇ ಕರೆಂಟಿನ ದಿಕ್ಕನ್ನು ಎಲೆಕ್ಟ್ರಾನಿನ ದಿಕ್ಕೆಂದು ತಿಳಿದಿರುತ್ತೀರಿ. ನಿಯಮದ ಕರೆಂಟ್ ಬ್ಯಾಟರಿಯ ಧನ ತುದಿಯಿಂದ ಹೊರಟು ಬರುವುದು. ಅಥವಾ ಮ್ಯಾಗ್ನೆಟ್ಟಿನ ಕೆಂಪು ಬಣ್ಣ ಸುಳ್ಳು ಹೇಳುತ್ತಿದೆ. ದಿಕ್ಸೂಚಿ ತಂದು ನೋಡಿ, ಮುಳ್ಳಿನ ಉತ್ತರದ ತುದಿ ಮ್ಯಾಗ್ನೆಟ್ಟಿನ ದಕ್ಷಿಣ ಧ್ರುವದ ಕಡೆ ತಿರುಗುತ್ತದೆ.

ಇಲ್ಲೂ ಒಂದು ಹೊಂಡ ಇದೆ. ಬಲವಾದ ಮ್ಯಾಗ್ನೆಟ್ ತಾಗಿದ ದಿಕ್ಸೂಚಿಯ ಮುಳ್ಳು ತಾನೇ ಉಲ್ಟಾ ಆಗಿಬಿಡುತ್ತದೆ. ಶಾಲೆಯ ಡಬ್ಬಿಯಲ್ಲಿರುವ ಹತ್ತು ದಿಕ್ಸೂಚಿ ತೆಗೆದು ಮೇಜಿನ ಮೇಲೆ ದೂರ ದೂರ ಇಡಿ. ಒಂದೆರಡು ದಕ್ಷಿಣಕ್ಕೆ ಮುಖ ಮಾಡಿರುವುದನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ಸೂರ್ಯ ಹುಟ್ಟಿದ ಕಡೆ ಯಾವುದೆಂದು ಮಕ್ಕಳಿಗೆ ಗೊತ್ತಿರುತ್ತದೆ, ಅದರ ಜೊತೆ ತಾಳೆ ನೋಡಿ.

ಕಡ್ಡಿ ಒಂದು ಕಡೆಗೂ ಹೋಗದೆ ಗುಂಯ್ ಎಂದು ನಡುಗುತ್ತಿದ್ದರೆ ನೀವು ಎಸಿ ಕೊಟ್ಟಿದ್ದೀರಿ. ಬ್ಯಾಟರಿಯ ಬದಲು ಬಳಸುವ ಹಳೇ ಎಲಿಮಿನೇಟರ್ ಪೆಟ್ಟಿಗೆಯ ತಪ್ಪು ತೂತಿಗೆ ಹಾಕಿದರೆ ಹೀಗಾಗುತ್ತದೆ. ಕರೆಂಟ್ ಸೆಕೆಂಡಿಗೆ 50 ಆವರ್ತ ಸುತ್ತುತ್ತದೆ, ಬಲವೂ ಅಷ್ಟೇ ಸಲ ಆ ಕಡೆ ಈ ಕಡೆ. ಇದು ದೋಷ ಅನ್ನುವುದಕ್ಕಿಂತ ಸ್ಪೀಕರ್ ಕೆಲಸ ಮಾಡುವ ರೀತಿ. ಹೇಗೂ ಸಿಕ್ಕಿದೆ, ಒಂದು ನಿಮಿಷ ಮಕ್ಕಳಿಗೆ ತೋರಿಸಿ, ಆಮೇಲೆ ಸರಿಮಾಡಿ.

ಎರಡು ಫಾಯಿಲ್ ಪಟ್ಟಿ

ಮ್ಯಾಗ್ನೆಟ್ಟೇ ಇಲ್ಲದೆ ಎರಡು ಸಮಾನಾಂತರ ತಂತಿಗಳು ಸೆಳೆಯುವುದನ್ನು, ತಳ್ಳುವುದನ್ನು 1820ರಲ್ಲಿ ಫ್ರಾನ್ಸಿನ ವಿಜ್ಞಾನಿ ಆಂಪಿಯರ್ ತೋರಿಸಿದ. ಇದು ಶಾಲೆಯಲ್ಲಿ ಸೋಲುವುದು ಒಂದೇ ಕಾರಣಕ್ಕೆ. ಎರಡು ದಪ್ಪ ವೈರ್ ನೇತುಹಾಕುತ್ತಾರೆ. ಅರ್ಧ ಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಂತರ, ಎರಡರಲ್ಲೂ 5 ಆಂಪಿಯರ್ ಎಂದರೂ ಬಲ ಸುಮಾರು 25 ಮಿಲಿಗ್ರಾಂ, ಒಂದು ಅಕ್ಕಿಕಾಳು. ವೈರ್ ಕ್ಯಾರೇ ಅನ್ನುವುದಿಲ್ಲ. ಅರ್ಧ ಸೆಂಟಿಮೀಟರ್ ಅಗಲದ ಫಾಯಿಲ್ ಪಟ್ಟಿಯಾದರೆ ಇಡೀ ಪಟ್ಟಿಯೇ 75 ಮಿಲಿಗ್ರಾಂ ಆಸುಪಾಸು. ಸಡಿಲವಾಗಿ ಇಳಿಬಿಡಿ, ಕಾಣುತ್ತದೆ. ಪಟ್ಟಿ ಬೇಗ ಬಿಸಿಯಾಗುತ್ತದೆ, ಒಂದು ಸೆಕೆಂಡ್ ಒತ್ತಿ ಬಿಡಿ. ಒಂದೇ ದಿಕ್ಕಿನ ಕರೆಂಟ್ ಇದ್ದರೆ ಸೆಳೆಯಬೇಕು, ಎದುರು ದಿಕ್ಕಿನದಾದರೆ ದೂರ ಹೋಗಬೇಕು. ಎರಡೂ ಸಲ ಹತ್ತಿರವೇ ಬಂದರೆ ಕಿಟಕಿ ಮುಚ್ಚಿ, ಗಾಳಿ ಅದು.

ಮೈಲುತುತ್ತದ ಬಟ್ಟಲು

ತಂತಿಯೊಳಗೆ ಓಡುವುದು ಎಲೆಕ್ಟ್ರಾನ್. ಬಲ ಬೀಳುವುದು ಅವುಗಳ ಮೇಲೆ, ಅವು ತಂತಿಯನ್ನು ತಳ್ಳುತ್ತವೆ. 'ಓಡುವುದು' ಅಂದರೆ ದೊಡ್ಡ ಮಾತಾಯಿತು. ನಮ್ಮ ಸರ್ವಿಸ್ ವೈರಿನ ಕಡ್ಡಿಯಲ್ಲಿ ನಾಲ್ಕೂವರೆ ಆಂಪಿಯರ್ ಇದ್ದಾಗ ಅವು ಮುಂದೆ ಸಾಗುವ ವೇಗ ಸೆಕೆಂಡಿಗೆ 0.04 ಮಿಲಿಮೀಟರ್. ಬಸವನಹುಳುವೇ ವಾಸಿ. ಸಂಖ್ಯೆ ಮಾತ್ರ ಲೆಕ್ಕವಿಲ್ಲದಷ್ಟು, ಅದಕ್ಕೇ ಬಲ ಕಾಣುತ್ತದೆ.

ಚಾರ್ಜುಗಳ ಮೇಲಿನ ಬಲವನ್ನು ತಂತಿಯಿಲ್ಲದೆ ತೋರಿಸಲು ದ್ರವ ಬಳಸಬಹುದು. 1821ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ ಪಾದರಸದ ಬಟ್ಟಲಿನಲ್ಲಿ ತಂತಿಯನ್ನು ಮ್ಯಾಗ್ನೆಟ್ಟಿನ ಸುತ್ತ ತಿರುಗಿಸಿದ್ದ. ಪಾದರಸದ ಆವಿ ವಿಷ, ಹಳೇ ಲ್ಯಾಬಿನಲ್ಲಿ ಸಿಕ್ಕರೂ ಮುಟ್ಟಬೇಡಿ. ಅಡಿಕೆ ತೋಟದವರ ಮನೆಯಲ್ಲಿ ಮರಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಇದ್ದೇ ಇರುತ್ತದೆ. ಒಂದು ಲೋಟ ನೀರಿಗೆ ಎರಡು ಚಮಚ ಕರಗಿಸಿ. ಅಗಲವಾದ ಗಾಜಿನ ತಟ್ಟೆಯ ಅಂಚಿನ ಸುತ್ತ ತಾಮ್ರದ ತಂತಿಯ ಬಳೆ, ನಡುವೆ ತಾಮ್ರದ ಇನ್ನೊಂದು ತುಂಡು. ತಟ್ಟೆಯ ಕೆಳಗೆ ಹಳೇ ಸ್ಪೀಕರಿನ ಮ್ಯಾಗ್ನೆಟ್. 12 ವೋಲ್ಟ್ ಡಿಸಿ ಕೊಟ್ಟರೆ ದ್ರಾವಣ ಗಿರಗಿರ ಸುತ್ತಬೇಕು. ಥರ್ಮಾಕೋಲ್ ಚೂರು ಹಾಕಿದರೆ ಸುತ್ತುವುದು ಚೆನ್ನಾಗಿ ಕಾಣುತ್ತದೆ. ನಿಮ್ಮ ಬಲ್ಬು ಸರಣಿಯಲ್ಲಿ ಇರಲಿ, ಆದರೆ ಇಲ್ಲಿ ಅದು ಬೆಳಗುವುದಿಲ್ಲ. ದ್ರಾವಣದ ರೋಧ ಜಾಸ್ತಿ. ಅದನ್ನು ದೋಷವೆಂದು ತಿಳಿಯಬೇಡಿ.

ಸುತ್ತದಿದ್ದರೆ ಮೊದಲು ದ್ರಾವಣದ ಆಳ ನೋಡಿ. ಅರ್ಧ ಸೆಂಟಿಮೀಟರ್ ಸಾಕು. ತುಂಬ ಹಾಕಿದರೆ ಮೇಲಿನ ಪದರಕ್ಕೆ ಮ್ಯಾಗ್ನೆಟ್ ದೂರ, ತಿರುಗಿಸಬೇಕಾದ ನೀರೂ ಜಾಸ್ತಿ. ಎರಡು ತಂತಿಯನ್ನು ಅಕ್ಕಪಕ್ಕ ಅದ್ದಿದ್ದರೂ ಸುತ್ತುವುದಿಲ್ಲ, ಒಂದು ನಡುವೆ ಇನ್ನೊಂದು ಬಳೆಯಾಗಿ ಸುತ್ತಲೂ ಇರಬೇಕು. ನಡುವೆ ಮಾತ್ರ ಸುತ್ತದೆ ಅಂಚಿನಲ್ಲಿ ಸುತ್ತುತ್ತಿದ್ದರೆ ಸ್ಪೀಕರ್ ಮ್ಯಾಗ್ನೆಟ್ಟಿನ ತೂತು ಕಾರಣ. ತೂತಿನ ನಟ್ಟನಡುವೆ ಕ್ಷೇತ್ರದ ದಿಕ್ಕೇ ಉಲ್ಟಾ ಇರುತ್ತದೆ. ಅಲ್ಯುಮಿನಿಯಂ ತಟ್ಟೆಯಲ್ಲಿ ಮಾಡಿದವರೂ ಇದ್ದಾರೆ. ಕರೆಂಟೆಲ್ಲ ತಟ್ಟೆಯಲ್ಲೇ ಹೋಯಿತು, ತಟ್ಟೆಯನ್ನು ಮೈಲುತುತ್ತ ತಿಂದಿತು.

ಉಪ್ಪುನೀರಿನಲ್ಲೂ ಸುತ್ತುತ್ತದೆ. ಆದರೆ ಧನ ತುದಿಯಲ್ಲಿ ಕ್ಲೋರಿನ್ ಬರುತ್ತದೆ, ಮೂಗಿಗೆ ಗೊತ್ತಾಗುತ್ತದೆ. ತಾಮ್ರದ ತಂತಿ, ಮೈಲುತುತ್ತ ಆದರೆ ಆ ಕಾಟ ಇಲ್ಲ. ಕೈ ತೊಳೆದುಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ, ಉಳಿದಿದ್ದನ್ನು ಕೆರೆಗೆ ಚೆಲ್ಲಬೇಡಿ, ಮೀನಿಗೆ ವಿಷ.

ದ್ರಾವಣದಲ್ಲಿ ಕರೆಂಟ್ ಹೊರುವುದು ಅಯಾನುಗಳು, ಅಂದರೆ ಚಾರ್ಜು ಇರುವ ಕಣಗಳು. ಇಲ್ಲಿ ಒಬ್ಬ ಮೇಡಂ ನನ್ನನ್ನು ಚೆನ್ನಾಗಿ ಹಿಡಿದರು. "ಧನ ಅಯಾನು ಈ ಕಡೆ, ಋಣ ಅಯಾನು ಆ ಕಡೆ ಹೋಗುತ್ತವೆ ಸರ್. ಹಾಗಾದರೆ ಬಲ ಒಂದಕ್ಕೊಂದು ರದ್ದಾಗಬೇಕಲ್ಲ? ನೀರು ಯಾಕೆ ಸುತ್ತುತ್ತೆ?" ಒಳ್ಳೆಯ ಪ್ರಶ್ನೆ, ಅಲ್ವಾ? ಋಣ ಅಯಾನಿನ ಚಾರ್ಜೂ ಉಲ್ಟಾ, ಹೋಗುವ ದಿಕ್ಕೂ ಉಲ್ಟಾ. ಎರಡು ಉಲ್ಟಾ ಸೇರಿದರೆ ನೆಟ್ಟಗೆ. ಎರಡೂ ಜಾತಿಯ ಅಯಾನುಗಳನ್ನು ಮ್ಯಾಗ್ನೆಟ್ ಒಂದೇ ಕಡೆಗೆ ತಳ್ಳುತ್ತದೆ.

ಕಾಲೇಜಿನವರಿಗೆ: ಚುಕ್ಕೆ ನಡುವೆ ನಿಲ್ಲುತ್ತಿಲ್ಲ

ಕ್ಯಾಥೋಡ್ ಕಿರಣ ನಳಿಗೆಯಲ್ಲಿ ಎಲೆಕ್ಟ್ರಾನಿನ ಚಾರ್ಜು ಮತ್ತು ರಾಶಿಯ ಅನುಪಾತ ಕಂಡುಹಿಡಿಯುವ ಪ್ರಯೋಗದಲ್ಲಿ ಬರುವ ದೂರು ಇದು. ಈ ಗಾಜಿನ ನಳಿಗೆಯಲ್ಲಿ ಎಲೆಕ್ಟ್ರಾನುಗಳ ಕಿರಣ ಎದುರಿನ ಪರದೆಗೆ ಬಡಿದಲ್ಲಿ ಬೆಳಕಿನ ಚುಕ್ಕೆ ಮೂಡುತ್ತದೆ. ಮ್ಯಾಗ್ನೆಟ್ ಇಡುವ ಮೊದಲೇ ಚುಕ್ಕೆ ನಡುವಿನಿಂದ ಸರಿದಿರುತ್ತದೆ. ನಾಬ್ ತಿರುಗಿಸಿ ನಡುವೆ ತಂದು ಕೂರಿಸುತ್ತಾರೆ. ಉತ್ತರ ತಪ್ಪು ಬರುತ್ತದೆ.

ಬಸವನಹುಳುವಿನ ಎಲೆಕ್ಟ್ರಾನ್ ಅಲ್ಲ ಇದು. 1000 ವೋಲ್ಟಿನಲ್ಲಿ ನೂಕಿದರೆ ಸೆಕೆಂಡಿಗೆ 1 ಕೋಟಿ 88 ಲಕ್ಷ ಮೀಟರ್ ಓಡುತ್ತದೆ. ಅಷ್ಟು ವೇಗಕ್ಕೆ ಭೂಮಿಯ ಸಣ್ಣ ಕಾಂತಕ್ಷೇತ್ರವೂ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕದಲ್ಲಿ ಅದು ಸುಮಾರು 40 ಮೈಕ್ರೋಟೆಸ್ಲಾ. ಕಿರಣ ಅದಕ್ಕೆ ಅಡ್ಡವಾಗಿ 20 ಸೆಂಟಿಮೀಟರ್ ಸಾಗಿದರೆ ಸುಮಾರು 7 ಮಿಲಿಮೀಟರ್ ಬಾಗುತ್ತದೆ. ನಳಿಗೆಯನ್ನು ಪೂರ್ವ ಪಶ್ಚಿಮಕ್ಕೆ ಇಟ್ಟಿದ್ದರೆ ಇದೇ ಆಗುವುದು. ನಮ್ಮ ಸೀಮೆಯಲ್ಲಿ ಭೂಮಿಯ ಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಉತ್ತರಕ್ಕೆ ಹೋಗುತ್ತದೆ. ಹಾಗಾಗಿ ನಳಿಗೆಯನ್ನು ಉತ್ತರ ದಕ್ಷಿಣಕ್ಕೆ ಮಾಡಿದರೆ ಕಿರಣ ಕ್ಷೇತ್ರದ ದಾರಿಯಲ್ಲೇ ಸಾಗುತ್ತದೆ, ತಂಟೆ ಬಹುಪಾಲು ತಪ್ಪುತ್ತದೆ.

ತಿರುಗಿಸಿದ ಮೇಲೂ ಚುಕ್ಕೆ ಓರೆಯಾಗಿದ್ದರೆ ಮೇಜಿನ ಕೆಳಗೆ ಬಗ್ಗಿ ನೋಡಿ. ಕಬ್ಬಿಣದ ಕಾಲಿನ ಮೇಜು, ಪಕ್ಕದಲ್ಲಿ ಸ್ಟೀಲ್ ಬೀರು, ಅಥವಾ ಆಚೆ ಟೇಬಲ್ಲಿನ ತಂಡ ಬಿಟ್ಟುಹೋದ ದಂಡಕಾಂತ. ನಳಿಗೆಯನ್ನು ಮರದ ಮೇಜಿಗೆ ಸಾಗಿಸಿ, ಸುತ್ತ ಎರಡು ಮೀಟರ್ ಖಾಲಿ ಮಾಡಿ, ಜೇಬಿನ ಮೊಬೈಲನ್ನೂ ದೂರ ಇಟ್ಟು ಚುಕ್ಕೆ ಎಲ್ಲಿದೆ ನೋಡಿ. ನಾಬ್ ಮುಟ್ಟುವುದು ಅದಾದ ಮೇಲೆ.